ಜಾರುವುದಕ್ಕೂ ಒಂದು ಮಿತಿ

ರಘೋತ್ತಮ: ಏ ಮಾಳಪ್ಪ, ಕೈ ತಗಿ! ಮೊದಲ ಆ ಪಾನಾ ಕೆಳಗಿಡು. ಯಾರನ್ನ ಕೇಳಿ ಗಾಡಿ ಎತ್ತಿ ನಿಲ್ಲಿಸೀದಿ?

ಮಾಳಪ್ಪ: ಬಾಯಾರು ಹೇಳ್ಯಾರ್ರಿ ಸರ್.

ರಘೋತ್ತಮ: ಬಾಯಾರು ಹೇಳಿಬಿಟ್ರ ಆತೇನು? ನನ್ನ ಮಾತಿಗೆ ಏನೂ ಕಿಮ್ಮತ್ತಿಲ್ಲೇನು?

ರಾಧಾಬಾಯಿ: ಕಿಮ್ಮತ್ತು ಮನ್ಯಾಗ ಅದ, ಇಲ್ಲೆ ಯಾಕ ಹುಡಕ್ಲಿಕ್ಕೆ ಬಂದ್ರಿ? ಗಾಡಿ ನಮ್ಮಪ್ಪ ಕೊಟ್ಟದ್ದು. ಹೊಡಿಯಾಕಿ ನಾನು. ಮಾಳಪ್ಪ, ನೀ ಬಿಚ್ಚಪ್ಪ.

ರಘೋತ್ತಮ: ಬಿಚ್ಚಬ್ಯಾಡ!

ರಾಧಾಬಾಯಿ: ಬಿಚ್ಚು!

ಮಾಳಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದ ಕೈಯನ್ನು ಮೇಲೆಯೂ ಎತ್ತದೆ ಕೆಳಗೂ ಇಳಿಸದೆ ಹಾಗೇ ಕುಳಿತ. ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ರಸ್ತೆಯ ಬದಿಗೆ ಅವನ ಗ್ಯಾರೇಜು. ಒಳಗೆ ಹಳೆಯ ಬಿಳಿ ಅಂಬಾಸಿಡರ್ ಒಂದು ಹಿಂದಿನ ಎರಡೂ ಗಾಲಿ ನೆಲಬಿಟ್ಟು ನಿಂತಿತ್ತು. ರಘೋತ್ತಮರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಕಾರು ಹೊಡೆಯಲು ಇಂದಿಗೂ ಬಾರದು. ಅವರ ಹೆಂಡತಿ ರಾಧಾಬಾಯಿ ಹೂರಣದ ಹೋಳಿಗೆ ಮಾಡಿ, ಅದೇ ಅಂಬಾಸಿಡರಿನಲ್ಲಿ ತುಂಬಿಕೊಂಡು, ಸುತ್ತಲಿನ ಹಳ್ಳಿಗಳ ಮದುವೆ ಮುಂಜಿವೆಗಳಿಗೆ ತಾವೇ ಮುಟ್ಟಿಸಿ ಬರುವವರು. ಮಾಳಪ್ಪ ಹಿಂದೊಮ್ಮೆ ರಘೋತ್ತಮರ ತರಗತಿಯಲ್ಲಿ ಕುಳಿತವನು. ಕುಳಿತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು.

ರಾಧಾಬಾಯಿ: ಮತ್ತ ನಿಮ್ಮನ್ನ ಕೇಳೇ ಹಾಕಿಸ್ಲಿಕ್ಕೆ ಹತ್ತೀನಿ. ಮೊನ್ನೆ ಸಂಜಿಮುಂದ ಪೇಪರ್ ಓದ್ಕೋತ ಕೂತಿದ್ರಿ. "ಏನ್ರೀ, ಗಾಡಿಗೆ ಎಲ್‌ಎಸ್‌ಡಿ ಹಾಕಿಸ್ಲೇನು?" ಅಂತ ಕೇಳಿದೆ. "ಹೂಂ, ಹಾಕಿಸು, ಛಲೋ ಬೆಳಕು ಬೀಳ್ತದ" ಅಂದ್ರಿ.

ರಘೋತ್ತಮ: ನಾ ಎಲ್‌ಇಡಿ ಅಂತ ತಿಳ್ಕೊಂಡಿದ್ದೆ! ಮುಂದಿನ ದೀಪ! ದೀಪ ಹಾಕಿಸ್ತಾಳ ಅಂತ ನಾ ಹೂಂ ಅಂದ್ರ, ನೀ ಗಾಡಿ ಹೊಟ್ಟಿ ಬಗಸ್ಲಿಕ್ಕೆ ಹತ್ತೀದಿ! ಅಲ್ಲ, ಬೆಳಕು ಅಂದಾಗರ ನಿನಗ ಸಂಶಯ ಬರ್ಲಿಲ್ಲೇನು?

ರಾಧಾಬಾಯಿ: ಸಂಸ್ಕೃತದವರು, ಏನೋ ಉಪಮಾ ಕೊಟ್ಟಾರ ಅಂತ ಸುಮ್ನಾದೆ.

ಮಾಳಪ್ಪ: ಹೊಟ್ಟಿ ಅಲ್ರಿ ಸರ್. ಹಿಂದ ಎರಡೂ ಗಾಲಿ ನಡುವ ಗುಂಡಗ ಡಬ್ಬಿ ಕಾಣತೈತಲ್ರಿ, ಅದು. ಅದರಾಗ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಕುಂಡ್ರಸಾಕ ಹತ್ತೇನಿ.

ರಘೋತ್ತಮ: ಲಿಮಿಟೆಡ್ ಸ್ಲಿಪ್. ಅಂದ್ರ ನಿಯಮಿತ ಜಾರುವಿಕೆ. ಅಲ್ಲೋ, ಜಾರಬಾರದು ಅಂದ್ರ ಪೂರಾ ಜಾರಬಾರದು. ಸ್ವಲ್ಪ ಜಾರ್ತದ ಅಂದ್ರ ಎಂಥಾ ಮಾತದು? ಏಕಾದಶಿ ದಿವಸ ನಾಕ ತುತ್ತು ಅನ್ನ ಉಂಡು "ನನ್ನದು ನಿಯಮಿತ ಉಪವಾಸ" ಅಂದಂಗಾತು.

ರಾಧಾಬಾಯಿ: ನೀವು ಏಕಾದಶಿಗೆ ಸಾಬೂದಾಣಿ ಖಿಚಡಿ ಎರಡು ಸರ್ತೆ ಬಡಿಸ್ಕೋತೀರಲ್ಲ, ಅದಕ್ಕೇನಂತಾರ?

ರಘೋತ್ತಮ: ಅದು ಫಲಾಹಾರ. ಈಗ ಗಾಡಿ ಮಾತು ನಡದದ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ಬೇಕಾತು?

ರಾಧಾಬಾಯಿ: ಸಂಪಗಾಂವ ಮರ್ತ್ರೇನು?

ರಘೋತ್ತಮರು ಮರೆತಿರಲಿಲ್ಲ. ಹದಿನೈದು ದಿನದ ಹಿಂದೆ ಸಂಪಗಾಂವದ ರಾಚವ್ವನ ಹೊಸ ಮನೆಯ ಶಾಂತಿಗೆ ಇನ್ನೂರೈವತ್ತು ಹೋಳಿಗೆ ಹೇಳಿದ್ದರು. ರಾತ್ರಿ ಮಳೆಯಾಗಿ ಎರೆಮಣ್ಣಿನ ದಾರಿ ಬೆಣ್ಣೆಯಂತಾಗಿತ್ತು. ಊರು ಕಾಣುವಷ್ಟು ಹತ್ತಿರ ಬಂದು ಗಾಡಿಯ ಒಂದು ಗಾಲಿ ರಾಡಿಯಲ್ಲಿ ಇಳಿಯಿತು. ಅದೊಂದೇ ಗರಗರ ತಿರುಗಿತು, ಇನ್ನೊಂದು ಒಣ ನೆಲದ ಮೇಲೆ ಅಲುಗದೆ ನಿಂತಿತು. ಎತ್ತು ಕಟ್ಟಿ ಎಳೆಸಿ ಮುಟ್ಟುವ ಹೊತ್ತಿಗೆ ಊಟದವರು ಕೈ ತೊಳೆದು ಎಲೆಯಡಿಕೆಗೆ ಕುಳಿತಿದ್ದರು.

ರಾಧಾಬಾಯಿ: ರಾಚವ್ವ ಏನಂದಳು? "ಇರ್ಲಿ ಬಿಡ್ರಿ ಬಾಯಾರ, ನಾಳಿ ಮುಂಜಾನೆ ಚಾದ ಜೋಡಿ ತಿಂತೇವಿ" ಅಂದಳು. ನನ್ನ ಹೋಳಿಗಿ ಚಹಾದ ಜೋಡಿ! ನಾ ಏನು ಟೋಸ್ಟ್ ಮಾಡ್ತೀನೇನು? ಪ್ಯಾಟ್ಯಾಗ ಮಂದಿ "ಕೈ ತೊಳದ ಮ್ಯಾಲಿನ ಹೋಳಿಗಿ ರಾಧಾಬಾಯಿ" ಅನ್ಲಿಕ್ಕೆ ಹತ್ಯಾರ. ಈ ಗುರುವಾರ ಉಗರಗೋಳದಾಗ ಸಿದ್ದರಾಮನ ಮಗಳು ಅನ್ನಪೂರ್ಣಾನ ಲಗ್ನ. ಅದೂ ಹೊಲದಾಗಿನ ಮನ್ಯಾಗ. ಮಿರಗದ ಮಳಿ ಹಿಡದದ. ಅಲ್ಲೂ ಹಂಗಾತಂದ್ರ ನಾ ಒಲಿ ಆರಸಿ ಕೂಡ್ತೀನಿ, ಮತ್ತ ಹಚ್ಚೂದಿಲ್ಲ. ತಿಳೀತೇನು?

ಈ ಮಾತನ್ನು ರಾಧಾಬಾಯಿ ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದರೆ ಅದು ನಿಜವೆಂದು ರಘೋತ್ತಮರಿಗೆ ಗೊತ್ತಿತ್ತು. ಆದರೂ ಬಿಟ್ಟುಕೊಡಲಿಲ್ಲ.

ರಘೋತ್ತಮ: ಗಾಡೀದೇನೂ ತಪ್ಪಿಲ್ಲ. ಅವತ್ತು ರಾಹುಕಾಲದಾಗ ಹೊರಟಿದ್ವಿ.

ಮಾಳಪ್ಪ: ರಾಹು ಎರಡೂ ಗಾಲಿಗೆ ಬಡೀಬೇಕಿತ್ತಲ್ರಿ ಸರ್. ಒಂದಕ್ಕ ಬಡದು ಒಂದನ್ನ ಯಾಕ ಬಿಟ್ಟ?

ರಘೋತ್ತಮ: ನನಗ ತರ್ಕ ಕಲಸ್ತೀಯೇನು?

ಮಾಳಪ್ಪ: ಇಲ್ರಿ, ತೋರಿಸ್ತೇನಿ. ಇಂಜಿನ್ ಬಂದ್ ಐತಿ, ಗೇರಿನ್ಯಾಗ ಹಾಕೇನಿ. ಬರ್ರಿ ಇಲ್ಲಿ. ಈ ಎಡಗಾಲಿ ಹಿಡದು ಮುಂದಕ್ಕ ತಿರುವ್ರಿ. ಬಾಯಾರ, ನೀವು ಆ ಕಡೆ ಬಲಗಾಲಿ ಮ್ಯಾಲೆ ಕೈಯಿಡ್ರಿ.

ರಘೋತ್ತಮರು ಧೋತರದ ಚುಂಗನ್ನು ಎತ್ತಿ ಕಟ್ಟಿ, ಗಾಲಿಯನ್ನು ಮುಂದಕ್ಕೆ ತಿರುವಿದರು. ಆಚೆಯಿಂದ ರಾಧಾಬಾಯಿ ಕೂಗಿದರು.

ರಾಧಾಬಾಯಿ: ಅಯ್ಯ! ಇದು ಹಿಂದಕ್ಕ ತಿರಗ್ಲಿಕ್ಕೆ ಹತ್ತೇದ!

ರಘೋತ್ತಮ: ನಾ ಮುಂದಕ್ಕ ತಿರುವೀನಿ. ಅದ್ಯಾಕ ಹಿಂದಕ್ಕ ಹೋಗ್ತದ? ನೀ ಹಿಡದು ತಿರುವಿದೇನು?

ರಾಧಾಬಾಯಿ: ನಾ ಬರೇ ಕೈಯಿಟ್ಟೀನಿ.

ರಘೋತ್ತಮ: ನೀ ಕೈಯಿಟ್ರ ಸಾಕಲ್ಲ.

ಮಾಳಪ್ಪ: ಅವರದೇನೂ ತಪ್ಪಿಲ್ರಿ. ಅದನ್ನ ಹಂಗ ಮಾಡ್ಯಾರ. ಗಾಡಿ ತಿರುವಿನ್ಯಾಗ ಹೊಳ್ಳೂಮುಂದ ಹೊರಗಿನ ಗಾಲಿ ಹೆಚ್ಚ ಓಡಬೇಕು, ಒಳಗಿಂದು ಕಡಿಮಿ. ಅದಕ್ಕ ಎರಡಕ್ಕೂ ತಮ್ಮ ತಮ್ಮ ಪಾಡಿಗೆ ತಿರಗಾಕ ಬಿಟ್ಟಾರ. ಗಟ್ಟಿ ರಸ್ತೆದಾಗ ಅದು ಬರೋಬರಿ. ಆದ್ರ ಒಂದು ಗಾಲಿ ರಾಡ್ಯಾಗ ಬಿತ್ತಂದ್ರ ಇಂಜಿನ್ನಿನ ಜೋರೆಲ್ಲಾ ಅದರ ಕಡೆ ಓಡತೈತಿ. ಅದು ಸುಮ್ಮನ ಗರಗರ ತಿರಗತೈತಿ. ನೆಲ ಹಿಡದು ನಿಂತ ಗಾಲಿಗೆ ಏನೂ ಸಿಗೂದಿಲ್ಲ.

ರಘೋತ್ತಮ: ಅಂದ್ರ ಕೈಲಾಗದವಗ ಎಲ್ಲಾ ಅಧಿಕಾರ, ಕೈಲಾಗಾವ ಖಾಲಿ ಕೂತಿರ್ತಾನ.

ರಾಧಾಬಾಯಿ: ನಮ್ಮ ಮನಿ ನೋಡಿ ಮಾಡ್ಯಾರೇನೋ.

ಮಾಳಪ್ಪ ನಗುವನ್ನು ನುಂಗಿಕೊಂಡು, ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಇಟ್ಟಿದ್ದ ಕಬ್ಬಿಣದ ಗುಂಡೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಸುಲಿಯದ ತೆಂಗಿನಕಾಯಿಯಷ್ಟು ದಪ್ಪ, ಅದಕ್ಕಿಂತ ನಾಲ್ಕು ಪಾಲು ಭಾರ.

ಮಾಳಪ್ಪ: ಬೆಳಗಾವ್ಯಾಗ ನನ್ನ ದೋಸ್ತ ಒಬ್ಬ ರೇಸಿನ ಗಾಡಿ ಕಟ್ಟತಾನ್ರಿ. ಅವನ ಹತ್ರ ಒಂದು ಫಾರಿನ್ ಗಾಡೀದು ಬಿದ್ದಿತ್ತು. ಲೇಥಿಗೆ ಹಾಕಿಸಿ, ಅಂಬಾಸಿಡರಿಗೆ ಕೂಡೂವಂಗ ಮಾಡಿಸೇನಿ. ಇದರೊಳಗ ಬಳಿಯಂಥಾ ಪ್ಲೇಟ್ ಅದಾವು. ಒಂದು ಗಾಲಿ ಹುಚ್ಚೆದ್ದು ತಿರಗಾಕ ಹತ್ತಿದ್ರ ಆ ಪ್ಲೇಟ್ ಒಂದಕ್ಕೊಂದು ಒತ್ತಿ ಹಿಡೀತಾವು. "ಏ ತಮ್ಮಾ, ಒಬ್ಬಾವ ಎಲ್ಲಿ ಓಡತಿ? ಅವನ್ನೂ ಕರಕೊಂಡು ನಡಿ" ಅಂದಂಗ.

ರಘೋತ್ತಮ: ಹಿಡದ ಹಿಡೀತಂದ್ರ ಹೊಳ್ಳೂಮುಂದ?

ಮಾಳಪ್ಪ: ಪೂರಾ ಹಿಡಿಯೂದಿಲ್ರಿ. ಹೊಳ್ಳೂಮುಂದ ಒಂದೀಟು ಸಡಲ ಬಿಡತೈತಿ. ಅದಕ್ಕ ಲಿಮಿಟೆಡ್ ಅಂತಾರ. ಇರ್ರಿ, ಚಾ ಹೇಳಿ ಬರತೇನಿ. ನೀವಿಬ್ಬರೂ ಒಂದ ಮಾತಿಗೆ ಬರ್ರಿ.

ಅವನು ಹೊರಗೆ ಹೋದ. ರಘೋತ್ತಮರು ಹಳೆಯ ಟೈರಿನ ಮೇಲೆ ಕುಳಿತು ಆ ಕಬ್ಬಿಣದ ಗುಂಡನ್ನೇ ನೋಡತೊಡಗಿದರು.

ರಾಧಾಬಾಯಿ: ಖರೇ ಹೇಳ್ರಿ. ಏಕಾದಶಿ ಬಿಡ್ರಿ, ರಾಹುಕಾಲ ಬಿಡ್ರಿ. ಯಾಕ ಬ್ಯಾಡಂತೀರಿ?

ರಘೋತ್ತಮ: ಏನಿಲ್ಲ.

ರಾಧಾಬಾಯಿ: ಏನಿಲ್ಲ ಅಂದ್ರ ಏನೋ ಅದ.

ರಘೋತ್ತಮ: ನೋಡು, ಹೋಳಿಗಿ ಮಾಡಾಕಿ ನೀನು. ಗಾಡಿ ಹೊಡಿಯಾಕಿ ನೀನು. ಮಂದಿ ಫೋನ್ ಮಾಡೂದು ನಿನಗ. ನಾ ಬಾಜೂಕ ಕೂತು ತುಪ್ಪದ ಡಬ್ಬಿ ಹಿಡೀತೀನಿ. ಗಾಡಿ ಎಲ್ಲರೆ ಹುಗೀತಂದ್ರ ಆವಾಗಷ್ಟ ನೀ ನನ್ನ ಕಡೆ ಹೊಳ್ಳಿ "ಏನ್ರೀ, ಇಳೀರಿ, ಒಂದೀಟು ದಬ್ರಿ" ಅಂತಿ. ಅದೂ ಹೋತಂದ್ರ ನಾ ಯಾಕ ಬರಬೇಕು? ಮನ್ಯಾಗ ಕೂತು ಹಲ್ಲಿ ಎಣಸ್ಬೇಕೇನು?

ಗಾಡಿ ಹುಗಿದಾಗೊಮ್ಮೆ ಹಿಂದಿನಿಂದ "ಹೂಂ, ಹೊಡಿ! ಹೊಡಿ!" ಎಂದು ಕೂಗುತ್ತಿದ್ದ ಗಂಡನ ದನಿ ರಾಧಾಬಾಯಿಯವರ ಕಿವಿಗೆ ಬಂದಂತಾಯಿತು. ಆ ದನಿಯಲ್ಲಿ ಇಷ್ಟೊಂದು ಖುಷಿ ಯಾಕಿರುತ್ತಿತ್ತೆಂದು ಈಗ ತಿಳಿಯಿತು.

ರಾಧಾಬಾಯಿ: ಅಲ್ರೀ, ನೀವು ದಬ್ಬಿದ್ದಕ್ಕ ಗಾಡಿ ಒಂದು ಸಲನೂ ಮ್ಯಾಲೆ ಬಂದಿಲ್ಲ.

ರಘೋತ್ತಮ: ಬಂದಿಲ್ಲ. ನಾ ದಬ್ಬೂದು ಬಿಟ್ಟೀನೇನು?

ರಾಧಾಬಾಯಿ: ಹುಚ್ಚರು. ನೀವು ಬಾಜೂಕ ಕೂತು ಏನರೆ ವಟವಟ ಅಂತಿದ್ರ ನನಗ ಹಾದಿ ಸಾಗ್ತದ. ಒಬ್ಬಾಕೇ ಹೋದ್ರ ಸವದತ್ತಿ ತನಕ ನಿದ್ದಿ ಬರ್ತದ. ಹಂಗಂತ ನಿಮಗ ಕೆಲಸ ಇರ್ಲಿ ಅಂತ ವಾರಕ್ಕೊಮ್ಮೆ ಗಾಡಿ ಹುಗಿಸ್ಲಿಕ್ಕೆ ಆಗ್ತದೇನು?

ರಘೋತ್ತಮ: ವಟವಟ ಅಂದಿ.

ರಾಧಾಬಾಯಿ: ಸಂಸ್ಕೃತದಾಗ ಏನಂತಾರೋ ಅದನ್ನ ತಿಳ್ಕೋರಿ.

ಚಹಾ ಬಂತು. ರಘೋತ್ತಮರು ಅರ್ಧ ಕಪ್ಪು ಕುಡಿದು ಗಂಟಲು ಸರಿಮಾಡಿಕೊಂಡರು.

ರಘೋತ್ತಮ: ಮಾಳಪ್ಪ, ಬಿಚ್ಚು. ಆದ್ರ ಒಂದು ಕರಾರು. ಉಗರಗೋಳಕ್ಕ ನಾನೂ ಬರ್ತೀನಿ. ಅಲ್ಲಿ ಗಾಡಿ ಹುಗೀತಂದ್ರ ಮರುದಿವಸ ಹಳೇದನ್ನ ತಿರುಗಿ ಹಾಕಬೇಕು. ಹಳೇದು ಒಗೀಬ್ಯಾಡ.

ಮಾಳಪ್ಪ: ತಗದಿಡತೇನ್ರಿ. ಉಪ್ಪಿನಕಾಯಿ ಹಂಗ ಎಣ್ಯಾಗ ಇಡತೇನಿ.

ಕೆಲಸ ಮುಗಿಯಲು ಎರಡು ದಿನ ಹಿಡಿಯಿತು. ಬುಧವಾರ ಮಧ್ಯಾಹ್ನ ಮಾಳಪ್ಪ ಗಾಡಿಯನ್ನು ಸಂತೆಯ ಬಯಲಿಗೆ ತರಲು ಹೇಳಿದ. ಅಂದು ಸಂತೆ ಇರಲಿಲ್ಲ, ಬಯಲು ಖಾಲಿ. ರಾಧಾಬಾಯಿ ಗಾಡಿ ಹೊಡೆಯುವ ಜಾಗದಲ್ಲಿ, ರಘೋತ್ತಮರು ಬಾಜೂಕೆ, ಮಾಳಪ್ಪ ಹೊರಗೆ ನಿಂತು ಕೈಮಾಡಿ ಹೇಳುವವನು.

ಮಾಳಪ್ಪ: ಬಾಯಾರ, ಈಗ ಎಂಟು ಬರೀರಿ. ಸಾವಕಾಶ. ಹತ್ತು ಸಲ.

ರಘೋತ್ತಮ: ಎಂಟು ಬರೀಬೇಕೇನು? ಎಲ್ಲಿ ಬರೀಬೇಕು? ಪೆನ್ನು ಕೊಡು.

ಮಾಳಪ್ಪ: ಪೆನ್ನಿಲೆ ಅಲ್ರಿ ಸರ್, ಗಾಡೀಲೆ. ಎಂಟಿನ ಆಕಾರದಾಗ ಗಾಡಿ ತಿರುಗಿಸಬೇಕು. ಅಂದ್ರ ಒಳಗಿನ ಪ್ಲೇಟ್ ಎಣ್ಣಿ ಕುಡದು ಹೊಂದಿಕೊಳ್ಳತಾವು.

ರಘೋತ್ತಮ: ಎಂಟು ಕನ್ನಡದ್ದೋ, ಇಂಗ್ಲೀಷಿಂದೋ?

ಮಾಳಪ್ಪ: ಕನ್ನಡದ ಎಂಟು ಬರದ್ರ ಬಾಲ ಹೋಗಿ ಗಟಾರದಾಗ ನಿಂದರತೈತ್ರಿ. ಇಂಗ್ಲೀಷಿಂದ ಬರೀರಿ.

ರಾಧಾಬಾಯಿ ಬರೆದರು. ಮೊದಲ ಸುತ್ತಿಗೇ ಹಿಂದಿನಿಂದ "ಗುರ್ರ್... ಗುರ್ರ್" ಎಂದು ಸದ್ದು ಬಂತು. ರಘೋತ್ತಮರ ಮುಖ ಅರಳಿತು.

ರಘೋತ್ತಮ: ಕೇಳಿದೇನು? ನರಳ್ಲಿಕ್ಕೆ ಹತ್ತೇದ! ನಿಮ್ಮಪ್ಪನ ಗಾಡಿ ನರಳ್ಲಿಕ್ಕೆ ಹತ್ತೇದ!

ಮಾಳಪ್ಪ: ನರಳೂದಲ್ರಿ, ಹೊಸದಾಗಿ ಕೂಡ್ಯಾವು. ಮೊದಲ ಮೊದಲ ಹಂಗ ಗುರಗುಡತಾವು. ನಾಕು ಸುತ್ತಿಗೆ ಕಡಿಮಿ ಆಗತೈತಿ.

ರಾಧಾಬಾಯಿ: ನಾಕ ಸುತ್ತಿಗೆ? ಪುಣ್ಯಾ ಮಾಡ್ಯಾವು. ನಮ್ಮದು ಮೂವತ್ತೆಂಟು ವರ್ಷಾತು, ಇನ್ನೂ ಸದ್ದು ನಿಂತಿಲ್ಲ.

ಐದನೆಯ ಎಂಟಿಗೆ ಬಾಜೂ ಮನೆಯ ಸತ್ಯವ್ವ ಕಾಯಿಪಲ್ಲೆಯ ಚೀಲ ಹಿಡಿದು ಬಯಲಿನ ಅಂಚಿಗೆ ಬಂದು ನಿಂತಳು. ಒಂದೇ ಕಡೆ ಗಿರಕಿ ಹೊಡೆಯುತ್ತಿದ್ದ ಗಾಡಿಯನ್ನು ಸ್ವಲ್ಪ ಹೊತ್ತು ನೋಡಿದಳು. ಗಾಡಿ ಹತ್ತಿರ ಬಂದಾಗ ಕೂಗಿದಳು.

ಸತ್ಯವ್ವ: ಬಾಯಾರ, ಲೈಸನ್ಸ್ ಕಸಗೊಂಡಾರೇನ್ರಿ? ಮತ್ತ ಪರೀಕ್ಷೆ ಕೊಡಾಕ ಹತ್ತೀರೇನು?

ರಾಧಾಬಾಯಿ: ಇಲ್ಲ ಸತ್ಯವ್ವ, ಪ್ಲೇಟ್ ಹೊಂದಿಸ್ಲಿಕ್ಕೆ ಹತ್ತೀವಿ!

ಗಾಡಿ ಅತ್ತ ಹೋಯಿತು. ಸತ್ಯವ್ವ ಅದು ತಿರುಗಿ ಬರುವವರೆಗೆ ವಿಚಾರ ಮಾಡಿದಳು.

ಸತ್ಯವ್ವ: ಊಟದ ಪ್ಲೇಟೇನ್ರಿ? ಗಾಡ್ಯಾಗಿಟ್ಟು ಹಿಂಗ ಅಲಗಾಡ್ಸಿದ್ರ ಒಡಿಯೂದಿಲ್ಲೇನ್ರಿ?

ರಘೋತ್ತಮ: ಉಕ್ಕಿನವು ಅವ! ಒಡಿಯೂದಿಲ್ಲ!

ಗಾಡಿ ಮತ್ತೆ ಅತ್ತ ಹೋಯಿತು. ಸತ್ಯವ್ವ ಮಾಳಪ್ಪನ ಕಡೆ ತಿರುಗಿದಳು.

ಸತ್ಯವ್ವ: ಪ್ಲೇಟ್ ತೊಳಿಯಾಕ ಇದೇನು ಹೊಸಾ ಪದ್ಧತಿ ಬಂದೈತೋ ಏನೋ ತಮ್ಮಾ. ನಮ್ಮ ಮನ್ಯಾಗ ಬೂದಿ ಹಚ್ಚಿ ತಿಕ್ಕತೇವಿ.

ಹತ್ತನೆಯ ಎಂಟು ಮುಗಿಯುವಾಗ ಸದ್ದು ನಿಂತಿತ್ತು. ರಘೋತ್ತಮರು ಕಿವಿಗೊಟ್ಟು ಕೇಳಿದರು, ಏನೂ ಕೇಳಲಿಲ್ಲ, ಸಪ್ಪಗಾದರು.

ಗುರುವಾರ ಬೆಳಗಿನ ಜಾವದಿಂದ ಸಣ್ಣಗೆ ಮಳೆ ಹಿಡಿದಿತ್ತು. ಮುನ್ನೂರು ಹೋಳಿಗೆಯ ಡಬ್ಬಿಗಳು ಹಿಂದಿನ ಸೀಟನ್ನು ಪೂರ್ತಿ ತುಂಬಿದ್ದವು. ಮುಂದಿನ ಎರಡು ಸೀಟಿನ ನಡುವೆ ಕಟ್ಟಿನ ಸಾರಿನ ಪಾತೇಲಿ. ರಘೋತ್ತಮರ ತೊಡೆಯ ಮೇಲೆ ತುಪ್ಪ. ಸವದತ್ತಿ ದಾಟಿ ಉಗರಗೋಳದ ಹೊರಗೆ ಡಾಂಬರು ಬಿಟ್ಟು ಹೊಲದ ದಾರಿಗೆ ಹೊರಳುವಾಗ ಹನ್ನೊಂದು ಗಂಟೆ. ಮುಹೂರ್ತದ ಅಕ್ಕಿಕಾಳು ಹನ್ನೊಂದು ನಲವತ್ತಕ್ಕೆ. ದೂರದಲ್ಲಿ ಸಿದ್ದರಾಮನ ಮನೆಯ ಹಂದರ ಕಾಣುತ್ತಿತ್ತು, ಬಾಜಾ ಕೇಳುತ್ತಿತ್ತು. ನಡುವೆ ಅರ್ಧ ಮೈಲಿ ಕರಿಯ ಎರೆಮಣ್ಣು.

ಆ ಕರಿಯ ಮಣ್ಣಿನಲ್ಲಿ ಹೂಮಾಲೆ ಹಾಕಿದ ಹೊಚ್ಚ ಹೊಸ ಕಾರೊಂದು ಮುಂದಿನ ಗಾಲಿ ಹುಗಿದುಕೊಂಡು ಓರೆಯಾಗಿ ನಿಂತಿತ್ತು. ಅದರ ಸುತ್ತ ಐದಾರು ಜನ. ಜರಿಯ ರುಮಾಲು ಸುತ್ತಿದ ದಪ್ಪ ಹಿರಿಯನೊಬ್ಬ ಎರಡೂ ಕೈ ಬೀಸುತ್ತ ಎದುರಿಗೆ ಬಂದ. ಅವನು ಮದುಮಗನ ಸೋದರಮಾವ ಬಸವಣ್ಣೆಪ್ಪ.

ಬಸವಣ್ಣೆಪ್ಪ: ನಿಂದರಸ್ರಿ, ನಿಂದರಸ್ರಿ! ಮುಂದ ಬರಬ್ಯಾಡ್ರಿ! ನಮ್ಮದು ಮೊನ್ನೆ ತಂದ ಗಾಡಿ, ಅದ ಹುಗದೈತಿ. ನಿಮ್ಮ ಮುದುಕಿ ಏನ ದಾಟತಾಳ?

ರಾಧಾಬಾಯಿ: ಮುದುಕಿ ಯಾರಿಗಂದ್ರಿ?

ಬಸವಣ್ಣೆಪ್ಪ: ಗಾಡಿಗ್ರಿ, ಗಾಡಿಗೆ! ತಪ್ಪ ತಿಳಕೋಬ್ಯಾಡ್ರಿ.

ರಘೋತ್ತಮ: ಟ್ರ್ಯಾಕ್ಟರ್ ಕರಸಬೇಕಿತ್ತಲ್ಲ.

ಬಸವಣ್ಣೆಪ್ಪ: ಸಿದ್ದರಾಮ ಬೀಗರ ಟ್ರ್ಯಾಕ್ಟರ್ ಹೆಣ್ಣಮಕ್ಕಳನ್ನ ಕುಂಡ್ರಿಸ್ಕೊಂಡು ಯಲ್ಲವ್ವನ ಗುಡ್ಡಕ್ಕ ಹೋಗೈತ್ರಿ. ಬರೂದು ಹನ್ನೆರಡಾಗತೈತಿ. ಮದಮಗ ಒಳಗ ಕುಂತಾನ. ನಡಕೊಂಡ ಹೋಗಪ್ಪಾ ಅಂದ್ರ ಹೊಸಾ ಬೂಟು ಅಂತಾನ. ಬೂಟು ತಗದ್ರ, ಬರಿಗಾಲಿಲೆ ಬೀಗರ ಹಂದರಕ್ಕ ಹೋಗಬಾರದು ಅಂತ ಇವನವ್ವ ಫೋನಿನ್ಯಾಗ ಅಳಾಕ ಹತ್ಯಾಳ.

ರಾಧಾಬಾಯಿ: ಕರೀರಿ ಅವನ್ನ. ನನ್ನ ಗಾಡ್ಯಾಗ ಕೂಡ್ಲಿ.

ಬಸವಣ್ಣೆಪ್ಪ: ನಿಮ್ಮ ಗಾಡಿ ದಾಟತೈತೇನ್ರಿ?

ರಾಧಾಬಾಯಿ: ದಾಟ್ತದ.

ಬಸವಣ್ಣೆಪ್ಪ: ಎಲ್ಲಿ ಕುಂದರತಾನ್ರಿ? ಹಿಂದೆಲ್ಲಾ ಡಬ್ಬಿ, ನಡುವ ಪಾತೇಲಿ.

ಎಲ್ಲರೂ ರಘೋತ್ತಮರನ್ನು ನೋಡಿದರು. ರಘೋತ್ತಮರು ಹೆಂಡತಿಯನ್ನು ನೋಡಿದರು.

ರಘೋತ್ತಮ: ನನ್ನನ್ನ ಇಳೀ ಅಂತೀಯೇನು?

ರಾಧಾಬಾಯಿ: ಏನ್ರೀ, ಇಳೀರಿ.

ರಘೋತ್ತಮ: ದಬ್ಬಲೇನು?

ರಾಧಾಬಾಯಿ: ದಬ್ಬೂದು ಬ್ಯಾಡ. ಬರೇ ಇಳೀರಿ. ಲಗ್ನ ಉಳಸ್ರಿ.

ರಘೋತ್ತಮರು ಇಳಿದರು. ಚಪ್ಪಲಿ ಮಣ್ಣಿನಲ್ಲಿ ಅಂಟಿ ಉಳಿಯಿತು, ಕಾಲು ಮೇಲೆ ಬಂತು. ಮದುಮಗ ಬಾಸಿಂಗ ಹಿಡಿದುಕೊಂಡು ಅವರ ಜಾಗದಲ್ಲಿ ಕುಳಿತ. ತುಪ್ಪದ ಡಬ್ಬಿಯನ್ನು ರಘೋತ್ತಮರು ಎರಡೆರಡು ಸಲ ಎಚ್ಚರಿಕೆ ಹೇಳಿ ಅವನ ತೊಡೆಗೆ ದಾಟಿಸಿದರು. ರಾಧಾಬಾಯಿ ಸೆರಗು ಸಿಕ್ಕಿಸಿ, ಹುಗಿದ ಕಾರಿನ ಬಾಜೂಕೆ ಉಳಿದ ಇಕ್ಕಟ್ಟಿನ ಜಾಗದಲ್ಲಿ ಗಾಡಿಯನ್ನು ಇಳಿಸಿದರು.

ಎಡಗಾಲಿ ರಾಡಿಗೆ ಬಿತ್ತು. ಸರಕ್ಕನೆ ಜಾರಿತು. ಸಂಪಗಾಂವ, ರಾಚವ್ವ, ಚಹಾ, ಎಲ್ಲ ಒಮ್ಮೆಲೇ ರಾಧಾಬಾಯಿಯವರ ಕಣ್ಣ ಮುಂದೆ ಬಂದವು. ಆದರೂ ಎಕ್ಸಲರೇಟರಿನಿಂದ ಕಾಲು ತೆಗೆಯಲಿಲ್ಲ. ರಘೋತ್ತಮರ ಕೈಗಳೋ, ಯಾರ ಮಾತನ್ನೂ ಕೇಳದೆ, ಹೋಗಿ ಡಿಕ್ಕಿಯ ಮೇಲೆ ಕುಳಿತಿದ್ದವು.

ರಘೋತ್ತಮ: ಹೂಂ, ಹೊಡಿ! ಹೊಡಿ!

ಜಾರುತ್ತಿದ್ದ ಗಾಲಿ ಅರೆಕ್ಷಣ ಗರಗರ ಎಂದಿತು. ಆಮೇಲೆ ಒಣ ಅಂಚಿನ ಮೇಲಿದ್ದ ಬಲಗಾಲಿ, ಯಾರೋ ಬೆನ್ನಿಗೆ ಗುದ್ದಿದಂತೆ, ಎಚ್ಚೆತ್ತು ನೆಲ ಕಚ್ಚಿತು. ಗಾಡಿ ಅತ್ತಿತ್ತ ಸೊಂಟ ಅಲ್ಲಾಡಿಸುತ್ತ, ನಿಲ್ಲದೆ, ಮುಂದೆ ಹೋಗೇಬಿಟ್ಟಿತು. ರಘೋತ್ತಮರ ಕೈಯಲ್ಲಿ ಡಿಕ್ಕಿ ಇರಲಿಲ್ಲ. ಅಡಿಯಿಂದ ಮುಡಿಯವರೆಗೆ ಕರಿಯ ರಾಡಿ ಇತ್ತು.

ಬಸವಣ್ಣೆಪ್ಪ: ಅಯ್ಯಯ್ಯ! ಸರ್, ನಿಮ್ಮ ಧೋತರ! ಮಾರಿ!

ರಘೋತ್ತಮ: ಧೋತರ ಹೋಗ್ಲಿ! ನೋಡಿದ್ರೇನು? ಎರಡೂ ತಿರಗಿದ್ವು! ಯಾವಾಗ್ಲೂ ಎಡಗಡೆ ಭುಜಕ್ಕಷ್ಟ ಸಿಡೀತಿತ್ತು. ಇವತ್ತ ಎರಡೂ ಕಡೆ ಸಮಸಮ ಸಿಡದದ!

ಬಸವಣ್ಣೆಪ್ಪ: ಅದಕ್ಕ್ಯಾಕ ಇಷ್ಟು ಖುಷಿ ಪಡಾಕ ಹತ್ತೀರಿ?

ರಘೋತ್ತಮ: ನಿಮ್ಮ ಗಾಡಿ ಯಾಕ ಹುಗೀತು ಗೊತ್ತದೇನು? ಎಲ್ಲಾರೂ ಇಲ್ಲಿ ಬರ್ರಿ. ಹಿಂಗ ನಿಂದರ್ರಿ. ಈಗ, ಇದು ಒಂದು ಗಾಲಿ ಅಂತ ತಿಳ್ಕೋರಿ, ಇದು ಇನ್ನೊಂದು...

ದೂರದಲ್ಲಿ ಬಾಜಾದ ಸದ್ದು ಏಕಾಏಕಿ ಜೋರಾಯಿತು. ಮದುಮಗ ಮುಟ್ಟಿದ್ದ. ಇಲ್ಲಿ ಬೀಗರ ಕಡೆಯ ಐದು ಜನ ಮಳೆಯಲ್ಲಿ ಕೈಕಟ್ಟಿ ನಿಂತು ಪಾಠ ಕೇಳಿದರು. ಹೊಸ ಕಾರನ್ನು ರಾಡಿಯಲ್ಲಿ ಬಿಟ್ಟು ಓಡಿಹೋಗುವಂತಿರಲಿಲ್ಲ.

ಬಸವಣ್ಣೆಪ್ಪ: ಹಂಗಾದ್ರ ನಮ್ಮ ಗಾಲಿಯೊಳಗ ಏನ ಕಡಿಮಿ ಆಗೇತ್ರಿ?

ರಘೋತ್ತಮ: ಸ್ವಾತಂತ್ರ್ಯ ಅದ, ಜವಾಬ್ದಾರಿ ಇಲ್ಲ.

ಬಸವಣ್ಣೆಪ್ಪ: ಎರಡೂ ನಮ್ಮ ಅಳಿಯನ ಹಂಗ ಅದಾವನ್ರಿ.

ಹನ್ನೆರಡಕ್ಕೆ ಟ್ರ್ಯಾಕ್ಟರ್ ಬಂತು. ಗುಡ್ಡದಿಂದ ಬಂದ ಹೆಣ್ಣುಮಕ್ಕಳ ನಡುವೆ ರಘೋತ್ತಮರು ಭಂಡಾರ ಹಚ್ಚಿಸಿಕೊಂಡು, ಮೇಲೆ ಅರಿಷಿಣ ಕೆಳಗೆ ಕರಿಮಣ್ಣು ಆಗಿ ಹಂದರದಲ್ಲಿ ಇಳಿದರು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದಿತ್ತು. ಮೊದಲ ಪಂಕ್ತಿ ಕುಳಿತಿತ್ತು. ಮದುಮಗಳ ತಂದೆ ಸಿದ್ದರಾಮ ಓಡಿ ಬಂದು ಅವರ ಕೈ ಹಿಡಿದ.

ಸಿದ್ದರಾಮ: ಸರ್, ಹೋಳಿಗಿ ಇನ್ನಾ ಬೆಚ್ಚಗ ಅದಾವ್ರಿ. ಮಂದಿ ತುಪ್ಪ ಸಾಲವಲ್ದು ಅನ್ನಾಕ ಹತ್ಯಾರ. ಅಂಥಾ ರಾಡ್ಯಾಗ ಹೆಂಗ ಬಂದ್ರು ಬಾಯಾರು?

ರಘೋತ್ತಮ: ಅದರ ಹಿಂದ ದೊಡ್ಡ ವಿಚಾರ ಅದ. ನಾ ಮೊದಲಿಂದ ಹೇಳ್ಕೋತ ಬಂದೀನಿ, ಗಾಡಿಗೆ ಎರಡೂ ಗಾಲಿ ಕೂಡಿ ನಡೀಬೇಕು ಅಂತ...

ಹೋಳಿಗೆಯ ಡಬ್ಬಿ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದ ರಾಧಾಬಾಯಿ ನಿಂತರು. ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡರು.

ರಾಧಾಬಾಯಿ: ಸಿದ್ದರಾಮಪ್ಪ, ಇವರನ್ನ ಕೈಕಾಲು ತೊಳಿಸಿ ಕೂಡಿಸ್ರಿ. ಎರಡು ಹೋಳಿಗಿ ಒಮ್ಮೆಲೇ ಹಾಕ್ತೀನಿ. ಬಾಯಿ ಖಾಲಿ ಇಟ್ರ ಊರೆಲ್ಲಾ ಪಾಠ ಹೇಳ್ತಾರ.

ಊಟವಾದ ಮೇಲೆ ರಘೋತ್ತಮರು ಎಲೆಯಡಿಕೆ ಜಗಿಯುತ್ತ ಬೇವಿನ ಗಿಡದ ಕೆಳಗೆ ನಿಂತ ಅಂಬಾಸಿಡರಿನ ಹತ್ತಿರ ಹೋದರು. ಬಗ್ಗಿ, ಹಿಂದಿನ ಗುಂಡು ಡಬ್ಬಿಯನ್ನು ಒಮ್ಮೆ ಮೆಲ್ಲಗೆ ತಟ್ಟಿದರು. ಆಮೇಲೆ ಫೋನು ತೆಗೆದರು.

ರಘೋತ್ತಮ: ಮಾಳಪ್ಪ, ನಾನೋ. ದಾಟಿತಪ್ಪ. ಮದುಮಗನ್ನೂ ದಾಟಿಸ್ತು.

ಮಾಳಪ್ಪ: ಛಲೋ ಆತ್ರಿ ಸರ್! ಹಂಗಾರ ಹಳೇದನ್ನ ಗುಜರಿಗೆ ಹಾಕ್ಲೇನ್ರಿ?

ರಘೋತ್ತಮ: ಹಾಕಿಬಿಡು. ಇನ್ನೊಂದು ಮಾತು. ಬಾಯಾರಿಗೆ ಹೇಳಬ್ಯಾಡ. ಇಂಥಾದು ಇನ್ನೊಂದು ಸಿಗ್ತದೇನು? ಮಳ್ಯಾಗ ನನ್ನ ಸ್ಕೂಟರೂ ಭಾಳ ಜಾರ್ತದ. ಅದಕ್ಕೂ ಒಂದು ಕೂಡಿಸಿಬಿಡು.

ಫೋನಿನ ಆ ಕಡೆ ಪಾನಾ ಕೆಳಗಿಟ್ಟ ಸದ್ದು ಕೇಳಿತು.

ಮಾಳಪ್ಪ: ಸರ್, ಸ್ಕೂಟರಿಗೆ ಹಿಂದ ಇರೂದ ಒಂದು ಗಾಲಿ. ಅದು ಯಾರ ಜೋಡಿ ಹೊಂದಿಕೋಬೇಕ್ರಿ?